ಷಡ್ಡಕ ಕೊಟ್ಟು ಹೋದ ಕರುಳು

ಮದ್ರಾಸಿನ ಟಿ. ನಗರದಲ್ಲಿ ಮನೆ ಮಾಡಿದ ಕನ್ನಡಿಗನಿಗೆ ನೆಂಟರ ಬರ ಎಂಬುದಿಲ್ಲ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಯಾರದ್ದಾದರೂ ಮದುವೆ ಗೊತ್ತಾಯಿತೆಂದರೆ ಸಾಕು, ಸೀರೆ ಇಲ್ಲೇ ಆಗಬೇಕು, ಒಡವೆ ಇಲ್ಲೇ ಆಗಬೇಕು, ಊಟ ನಮ್ಮ ಮನೆಯಲ್ಲೇ ಆಗಬೇಕು. ಹಾಗೆ ಬಂದವರು ಹೊರಡುವಾಗ ನನ್ನ ಕೈಗೊಂದು ಟವೆಲ್ಲೋ ಪಂಚೆಯೋ ಇಟ್ಟು ಹೋಗುವುದು ಪದ್ಧತಿ. ನನ್ನ ಷಡ್ಡಕ ಮಾತ್ರ ಈ ಸಲ ಕೊಟ್ಟು ಹೋದದ್ದು ಒಂದು ದೊಡ್ಡ ಕರುಳು.

ಕರುಳು ನನಗೆ ಮೊದಲೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಅದರ ಪಾಡಿಗೆ ಇತ್ತು, ನಾನು ನನ್ನ ಪಾಡಿಗೆ ತಿನ್ನುತ್ತಿದ್ದೆ. ಬೆಳಿಗ್ಗೆ ಆಗಬೇಕಾದದ್ದು ಆಯಿತೆಂದರೆ ನಮ್ಮಿಬ್ಬರ ವ್ಯವಹಾರ ಅಲ್ಲಿಗೆ ಚುಕ್ತಾ. ಷಡ್ಡಕ ಹೊಟ್ಟೆಯ ಡಾಕ್ಟರು. ಇಂಥವರನ್ನು ಮನೆಗೆ ಕರೆಯಿರಿ, ಬೇಡವೆನ್ನುವವರು ಯಾರು? ಊಟಕ್ಕೆ ಮಾತ್ರ ಕರೆಯಬೇಡಿ.

ಅಂದು ನಮ್ಮಾಕೆ ತಂಗಿಯ ಗಂಡ ಬಂದಿದ್ದಾರೆಂದು ಹುಳಿ, ಸಾರು, ಆಲೂಗಡ್ಡೆ ಪಲ್ಯ, ಹಪ್ಪಳ, ಶಾವಿಗೆ ಪಾಯಸ ಎಲ್ಲ ಮಾಡಿದ್ದಳು. ನಾನು ಸಾರನ್ನದ ಎರಡನೇ ಸುತ್ತಿನಲ್ಲಿದ್ದೆ. ಷಡ್ಡಕ ನನ್ನ ಎಲೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿ ಕೇಳಿದರು:

"ಭಾವ, ನಿಮ್ಮ ಸೊಂಟ ಎಷ್ಟು?"

"ಮೂವತ್ತನಾಲ್ಕು," ಎಂದೆ ಹೆಮ್ಮೆಯಿಂದ. ಮದುವೆಯಲ್ಲಿ ಹೊಲಿಸಿದ ಪ್ಯಾಂಟಿನ ಅಳತೆ ಅದು, ಇಂದಿಗೂ ಕದಲಿಲ್ಲ. ಗುಟ್ಟೇನೆಂದರೆ ಪ್ಯಾಂಟು ವರ್ಷವರ್ಷವೂ ಒಂದಿಷ್ಟು ಕೆಳಗಿಳಿಯುತ್ತ ಬಂದಿದೆ. ಬೆಲ್ಟಿನ ಗಡಿಯಾಚೆ ಬೆಳೆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವೂ ಹಿಡಿಯುವುದಿಲ್ಲ, ನನಗೆ ಗೊತ್ತು.

"ಪ್ಯಾಂಟಿನದ್ದಲ್ಲ, ಸೊಂಟದ್ದು ಕೇಳಿದೆ."

ನನ್ನಾಕೆ ಆಗಲೇ ಹೊಲಿಗೆ ಡಬ್ಬಿಯಿಂದ ಟೇಪು ತಂದಾಗಿತ್ತು. ಮನೆಯಲ್ಲಿ ಕನ್ನಡಕ ಹುಡುಕಿದರೆ ಸಿಗುವುದಿಲ್ಲ, ಕರೆಂಟ್ ಬಿಲ್ಲು ಸಿಗುವುದಿಲ್ಲ, ನನ್ನ ಮಾನ ಅಳೆಯುವ ಟೇಪು ಕ್ಷಣದಲ್ಲಿ ಸಿಕ್ಕಿತು. ಕೈ ತೊಳೆದು ಬಂದು ನಿಂತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ ಟೇಪು ಬರಬೇಕಂತೆ, ಉಸಿರು ಬಿಟ್ಟಾಗ ಅಳೆಯಬೇಕಂತೆ. ನಾನು ಉಸಿರನ್ನು ಒಳಗೆಳೆದುಕೊಂಡು, ಹೊಟ್ಟೆಯನ್ನು ಬೆನ್ನಿಗೆ ಒಪ್ಪಿಸಿ, ಕಲ್ಲಾಗಿ ನಿಂತೆ. ಷಡ್ಡಕ ಅವಸರಪಡಲಿಲ್ಲ. ಮದ್ರಾಸಿನ ಸೆಕೆಯ ವಿಚಾರ ಎತ್ತಿದರು, ಮೆಟ್ರೊ ಸುರಂಗದ ವಿಚಾರ ಎತ್ತಿದರು. ನನ್ನ ಮುಖ ಬದನೇಕಾಯಿ ಬಣ್ಣಕ್ಕೆ ತಿರುಗಿ ಉಸಿರು ತಾನಾಗಿ ಹೊರಗೆ ಬಂದಾಗ ಟೇಪು ನೋಡಿದರು.

"101 ಸೆಂಟಿಮೀಟರು. ನಮ್ಮ ಜನಕ್ಕೆ ಗಂಡಸರಿಗೆ 90 ದಾಟಬಾರದು. ಹೆಂಗಸರಿಗೆ 80."

80 ಎಂದದ್ದೇ ತಡ, ನನ್ನಾಕೆ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಆಮೇಲೆ ಶುರುವಾಯಿತು ನೋಡಿ ಪಾಠ, ಪಾಯಸದ ಜೊತೆಗೆ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವ ವಸ್ತುವಲ್ಲವಂತೆ. ಅದರಿಂದ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಒಳಗೊಳಗೇ ಸಣ್ಣ ಉರಿಯೂತ ಹತ್ತಿಕೊಂಡಿರುತ್ತದೆ. ಎರಡೂ ಸೇರಿ ಬೆಳೆಯಬಾರದ ಜೀವಕೋಶಗಳಿಗೆ 'ಬೆಳೆಯಿರಿ' ಎಂದು ಅಪ್ಪಣೆ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2016ರಲ್ಲಿ, ಮೈಯ ಬೊಜ್ಜಿನಿಂದ ಹೆಚ್ಚುವ 13 ಬಗೆಯ ಕ್ಯಾನ್ಸರುಗಳನ್ನು ಹೆಸರಿಸಿತು. ದೊಡ್ಡ ಕರುಳು, ಗುದನಾಳದ್ದು ಆ ಪಟ್ಟಿಯಲ್ಲಿದೆ.

"ಎಷ್ಟುದ್ದ ಇರುತ್ತೆ ಡಾಕ್ಟ್ರೇ, ಈ ದೊಡ್ಡ ಕರುಳು?" ನನ್ನಾಕೆ ಕೇಳಿದಳು.

"ಐದಡಿ ಇರುತ್ತೆ ಅತ್ತಿಗೆ. ಹೆಚ್ಚುಕಡಿಮೆ ಭಾವನಷ್ಟೇ."

ಇದನ್ನು ಸಹಿಸಬಹುದೇ? ಷಡ್ಡಕ ಆರಡಿ ಆಳು. ನಮ್ಮ ಮಾವನ ಮನೆಯ ಗುಂಪು ಫೋಟೋಗಳಲ್ಲೆಲ್ಲ ಅವರು ಹಿಂದೆ ನಿಂತು ನಗುತ್ತಾರೆ, ನಾನು ಮುಂದೆ ಮಕ್ಕಳ ಜೊತೆ ಕೂರುತ್ತೇನೆ. ರಾತ್ರಿ ಅವರು ಮಲಗಿದ ಮೇಲೆ ಫೋನು ಹಿಡಿದು ಕೂತೆ; ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ದೇವರು ದೊಡ್ಡವನು. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಎಂಬ ಸಂಸ್ಥೆ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಎತ್ತರವನ್ನೂ ಸೇರಿಸಿದೆ! ಎತ್ತರದವರಿಗೆ ಅಪಾಯ ಒಂದಿಷ್ಟು ಜಾಸ್ತಿ. ಬೆಳೆಯುವ ವಯಸ್ಸಿನಲ್ಲಿ ಮೈಯಲ್ಲಿ ಹರಿದ ಬೆಳವಣಿಗೆಯ ರಸಗಳ ಪ್ರಭಾವವಂತೆ. ಹುಟ್ಟಿದಾಗಿನಿಂದ ಕುಳ್ಳನೆನಿಸಿಕೊಂಡದ್ದಕ್ಕೆ ಮೊದಲ ಬಾರಿ ಒಂದು ಪ್ರಯೋಜನ ಕಂಡಿತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಇದನ್ನು ಷಡ್ಡಕರ ಮುಂದೆ ಬಲು ಕನಿಕರದಿಂದ ಇಟ್ಟೆ.

"ನಿಜ ಭಾವ," ಎಂದರು, ಲೋಟ ಕೆಳಗಿಡದೆ. "ನನ್ನ ಎತ್ತರ ನಾನು ಕಡಿಮೆ ಮಾಡಿಕೊಳ್ಳೋಕಾಗಲ್ಲ. ನಿಮ್ಮ ಸುತ್ತಳತೆ ನೀವು ಮಾಡಿಕೊಳ್ಳಬಹುದು."

ನನ್ನಾಕೆ ಅವರಿಗೆ ಇನ್ನರ್ಧ ಲೋಟ ಕಾಫಿ ಹಾಕಿದಳು. ನನಗೆ ಹಾಕಲಿಲ್ಲ.

ಕೊನೆಯ ಬಾಣ ಬತ್ತಳಿಕೆಯಲ್ಲಿತ್ತು: ಸಸ್ಯಾಹಾರ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಂಡಳಿ ಸಾಸೇಜು, ಬೇಕನ್, ಹ್ಯಾಮ್ ಥರದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಮೊದಲ ದರ್ಜೆಯ ವಸ್ತುಗಳ ಸಾಲಿಗೆ ಸೇರಿಸಿತು. ಕೆಂಪು ಮಾಂಸವನ್ನು ಅದರ ಕೆಳಗಿನ ಸಾಲಿಗೆ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ಅಪಾಯ ಶೇಕಡಾ 18ರಷ್ಟು ಹೆಚ್ಚು. ನಮ್ಮ ಮನೆಯಲ್ಲಿ ಏಕಾದಶಿಗೆ ಈರುಳ್ಳಿ ಕೂಡ ಒಳಗೆ ಬರುವುದಿಲ್ಲ. ಕುಡಿತವೂ ಈ ಕಾಯಿಲೆಗೆ ದಾರಿ, ಸಿಗರೇಟೂ ದಾರಿ. ನನ್ನಾಕೆಯ ದಯೆಯಿಂದ ಅವೆರಡರ ಪರಿಚಯವೂ ನನಗಿಲ್ಲ. ಉತ್ಸಾಹ ತಡೆಯಲಾರದೆ ಜರ್ಮನಿಯಲ್ಲಿರುವ ಮಗನಿಗೆ ವಿಡಿಯೊ ಕಾಲ್ ಮಾಡಿ 18 ಪರ್ಸೆಂಟಿನ ಉಪದೇಶ ಸುರಿದೆ.

"ನಾನು ದಿನಾ ತಿನ್ನಲ್ಲಪ್ಪ," ಎಂದ ಅವನು.

ದಿನಾ ತಿನ್ನಲ್ಲ! ಫೋನಿನ ಸ್ಪೀಕರು ಗಟ್ಟಿಯಾಗಿತ್ತು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಆ ಹುಡುಗ ಮೂರು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಗುಟ್ಟನ್ನು ನನ್ನ ಆರೋಗ್ಯ ಜಾಗೃತಿ ಒಂದೇ ಏಟಿಗೆ ಒಡೆಯಿತು. ತಪ್ಪಿಸಿಕೊಳ್ಳಲು ಅವನು, ತಾನು ಆಫೀಸಿಗೆ ಸೈಕಲ್ ತುಳಿದು ಹೋಗುತ್ತೇನೆ, ಕಪ್ಪು ರೈ ಬ್ರೆಡ್ಡು ತಿನ್ನುತ್ತೇನೆ, ತವುಡು ತೆಗೆಯದ ಧಾನ್ಯ ದಿನಕ್ಕೆ 90 ಗ್ರಾಂ ತಿಂದರೆ ಇದೇ ಅಪಾಯ ಶೇಕಡಾ 17ರಷ್ಟು ಇಳಿಯುತ್ತದೆಂದು ನನ್ನ ಆ ಎತ್ತರದ ಸಂಸ್ಥೆಯೇ ಹೇಳಿದೆ ಎಂದೆಲ್ಲ ವಾದ ಹೂಡಿದ. ಸಾಸೇಜು ತಿನ್ನುವವನ ಲೆಕ್ಕ ಸರಿದೂಗಿ ಹೋಯಿತು, ಸಾರನ್ನದವನ ಲೆಕ್ಕ ನಿಂತಲ್ಲೇ ನಿಂತಿತು.

ನನ್ನಾಕೆ ಎರಡು ದಿನ ಅತ್ತು ಮೂರನೇ ದಿನ ಷಡ್ಡಕರನ್ನು ಕೇಳಿದ ಪ್ರಶ್ನೆ ಮಾತ್ರ ಅಪ್ಪಟ ಟಿ. ನಗರದ್ದು. ಉಸ್ಮಾನ್ ರಸ್ತೆಯ ಒಡವೆ ಅಂಗಡಿಗಳಲ್ಲಿ ವರ್ಷಗಟ್ಟಲೆ ವೇಸ್ಟೇಜಿನ ಚೌಕಾಸಿ ಮಾಡಿದವಳು ಅವಳು. "18 ಪರ್ಸೆಂಟು ಅಂದ್ರೆ ಯಾವುದರ ಮೇಲೆ 18? ಮೂಗುಬೊಟ್ಟಿನ ಮೇಲೋ, ಡಾಬಿನ ಮೇಲೋ?"

ಷಡ್ಡಕ ಎದ್ದು ನಿಂತು ಕೈ ಮುಗಿದರು. ಕಾಲೇಜಿನಲ್ಲಿ ಹುಡುಗರಿಗೆ ಒಂದು ವಾರ ಹಿಡಿಯುವ ಪಾಠವಂತೆ ಅದು. ಮೂಲ ಅಪಾಯವೇ ಸಣ್ಣದಿದ್ದರೆ ಅದರ ಮೇಲಿನ 18 ಪರ್ಸೆಂಟೂ ಸಣ್ಣದು, ನೂರರಲ್ಲಿ ಹದಿನೆಂಟು ಜನಕ್ಕೆ ಬರುತ್ತದೆ ಎಂದಲ್ಲ. ಮೊದಲ ದರ್ಜೆ ಎಂದರೂ ಸಾಕ್ಷ್ಯ ಗಟ್ಟಿ ಎಂದಷ್ಟೇ ಅರ್ಥ. ಬೀಡಿ, ಸಿಗರೇಟು ಅದೇ ಸಾಲಿನಲ್ಲಿವೆಯೆಂದು ಸಾಸೇಜು ಅಷ್ಟೇ ಅಪಾಯವಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವರಿಗಿಂತ ಕಡಿಮೆಯೇ; ಆದರೆ ಊರು ಬೆಳೆದಂತೆ, ನಾವು ಕೂತಂತೆ, ಸೊಂಟ ಹಿಗ್ಗಿದಂತೆ ಏರುತ್ತಿದೆ.

"ಮತ್ತೆ ನಮ್ಮ ಸಸ್ಯಾಹಾರ?" ಎಂದೆ.

"ಸಸ್ಯ ಎಲ್ಲಿದೆ ಭಾವ, ನಿಮ್ಮ ಎಲೆ ಮೇಲೆ? ಪಾಲಿಶ್ ಅಕ್ಕಿ, ಆಲೂಗಡ್ಡೆ, ಶಾವಿಗೆ, ಸಕ್ಕರೆ, ಎಣ್ಣೆ. ಹಸಿರು ಅಂತ ಇದ್ದದ್ದು ಬಾಳೆ ಎಲೆ. ಅದನ್ನ ನೀವು ತಿನ್ನಲಿಲ್ಲ."

ಹೋಗುವ ಮುಂಚೆ ಬರ್ಕಿಟ್ ಎಂಬ ಪುಣ್ಯಾತ್ಮನ ಕಥೆಯನ್ನೂ ಬಿತ್ತಿ ಹೋದರು. ಐರ್ಲೆಂಡಿನವನು, ಉಗಾಂಡಾದಲ್ಲಿ ಸರ್ಜನ್ ಆಗಿದ್ದ. ಅಲ್ಲಿನ ಹಳ್ಳಿಯವರಲ್ಲಿ ಕರುಳಿನ ಕ್ಯಾನ್ಸರು ಯಾಕೆ ಇಷ್ಟು ಅಪರೂಪ ಎಂದು ತಲೆ ಕೆಡಿಸಿಕೊಂಡು, ಇಂಗ್ಲಿಷರ ಮಲವನ್ನೂ ಆಫ್ರಿಕದವರ ಮಲವನ್ನೂ ತೂಕ ಹಾಕಿಸಿ, ತಿಂದದ್ದು ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಇಟ್ಟವನು. ನಾರು ಹೆಚ್ಚು ತಿನ್ನುವವರಲ್ಲಿ ಮಾಲು ಹೆಚ್ಚು, ವಿಳಂಬ ಕಡಿಮೆ. ನಾರಿನ ಈ ವಾದವನ್ನು 1971ರಲ್ಲಿ ಬರೆದ. ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಎಂಬುದನ್ನು ಮಾಡುತ್ತವೆ, ಕರುಳಿನ ಒಳಪದರಕ್ಕೆ ಅದೇ ಆಹಾರ ಎಂಬುದೆಲ್ಲ ಮುಂದೆ ತಿಳಿದುಬಂತಂತೆ. ಅಂದಿನಿಂದ ನನ್ನಾಕೆ ಬೆಳಿಗ್ಗೆ ನಾನು ಬಚ್ಚಲ ಬಾಗಿಲು ತೆಗೆದು ಹೊರಬಂದರೆ ಪರೀಕ್ಷೆ ಬರೆದು ಬಂದ ಮಗುವನ್ನು ಕೇಳುವ ಮುಖದಲ್ಲಿ ನಿಂತಿರುತ್ತಾಳೆ. ತಕ್ಕಡಿಯೊಂದು ಬಾಕಿ.

ನಾರಿನ ದಂಡಯಾತ್ರೆ ಬಾಳೆದಿಂಡಿನಿಂದ ಆರಂಭವಾಯಿತು. ಮಾಂಬಲಂ ಸ್ಟೇಷನ್ ಪಕ್ಕದ ಮಾರ್ಕೆಟ್ಟಿನಿಂದ ತರುವುದು ನನ್ನ ಕೆಲಸ, ಹೆಚ್ಚುವುದೂ ನನ್ನದೇ. ಬಾಳೆದಿಂಡು ಹೆಚ್ಚಿ ನೋಡಿದ್ದೀರಾ? ಮೇಲಿನ ಪದರ ಸುಲಿದು ಒಳಗಿನ ಬಿಳಿ ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು. ಒಂದು ಬಿಲ್ಲೆ ಕೊಯ್ದರೆ ಅದು ದಿಂಡಿನಿಂದ ಬಿಟ್ಟು ಬರುವುದಿಲ್ಲ, ಜೇಡನ ಎಳೆಯಂಥ ನಾರು ಎಳೆದುಕೊಂಡೇ ಬರುತ್ತದೆ. ಆ ಎಳೆಯನ್ನು ತೋರುಬೆರಳಿಗೆ ಸುತ್ತಬೇಕು, ಬಿಲ್ಲೆಯನ್ನು ಕಪ್ಪಾಗುವ ಮುಂಚೆ ಮಜ್ಜಿಗೆ ನೀರಿಗೆ ಹಾಕಬೇಕು, ಮತ್ತೆ ಕೊಯ್ಯಬೇಕು, ಮತ್ತೆ ಸುತ್ತಬೇಕು. ಅರ್ಧ ದಿಂಡು ಮುಗಿಯುವಷ್ಟರಲ್ಲಿ ನನ್ನ ಬೆರಳಿಗೆ ಬಿಳಿ ಬ್ಯಾಂಡೇಜು ಬಿದ್ದಿತ್ತು. ಸುತ್ತಿದ ನಾರನ್ನು ಕಸಕ್ಕೆ ಹಾಕಬೇಕಂತೆ. "ನಾರಿಗಾಗಿಯೇ ತಾನೆ ಇಷ್ಟೆಲ್ಲ?" ಎಂದು ಕೇಳಿದೆ. ಉತ್ತರ ಬರಲಿಲ್ಲ, ಸಿಪ್ಪೆ ಬುಟ್ಟಿ ಬಂತು.

ದಿಂಡಿನ ಪಲ್ಯ, ನುಗ್ಗೆಸೊಪ್ಪು, ಕೆಂಪಕ್ಕಿ ಅನ್ನ, ನೆನೆಸಿದ ಕಡಲೆ, ರಾಗಿ, ಸಂಜೆಗೆ ಪೇರಲೆಹಣ್ಣು. ನಾರನ್ನು ನಿಧಾನವಾಗಿ ಏರಿಸುತ್ತ ಹೋಗಬೇಕು, ಜೊತೆಗೆ ಧಾರಾಳ ನೀರು ಕುಡಿಯಬೇಕು ಎಂದು ಷಡ್ಡಕ ಹೇಳಿದ್ದರಂತೆ. ನನ್ನಾಕೆಯ ಸ್ವಭಾವದಲ್ಲಿ ನಿಧಾನವೆಂಬುದಿಲ್ಲ. ಮಾರ್ಗಳಿ ತಿಂಗಳು ಬೇರೆ. ವಾಣಿ ಮಹಲಿನಲ್ಲಿ ಸಂಗೀತ ಕಚೇರಿ. ಮೂರನೇ ಸಾಲಿನಲ್ಲಿ ನಡುಮಧ್ಯೆ ನಮ್ಮ ಸೀಟು. ಗಾಯಕಿ ಕಣ್ಣು ಮುಚ್ಚಿ ತೋಡಿಯ ಆಲಾಪನೆಗೆ ಕೂತರು. ಸಭೆ ಉಸಿರು ಬಿಗಿಹಿಡಿದಿತ್ತು. ಆ ಹೊತ್ತಿಗೆ ಸರಿಯಾಗಿ ನನ್ನ ದೊಡ್ಡ ಕರುಳು ಮಂದ್ರದಿಂದ ಸ್ವರ ಎತ್ತಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ ನೋಡಿದರು. ನಾನು ಪಕ್ಕದ ಸೀಟಿನವರತ್ತ ತಿರುಗಿ ನೋಡಿದೆ. ಆ ಸೀಟು ಖಾಲಿಯಿತ್ತು.

ಅದೇ ಕಚೇರಿಯಲ್ಲಿ ನನಗೊಂದು ಗೆಲುವೂ ದಕ್ಕಿತ್ತು, ಮುಚ್ಚಿಡುವುದೇಕೆ. ಮಗ ಕಳಿಸಿದ ಹೆಜ್ಜೆ ಎಣಿಸುವ ಗಡಿಯಾರ ಕೈಯಲ್ಲಿತ್ತು. ನಾನು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದೆ. ಮೃದಂಗ, ಘಟ ಸೇರಿ ತನಿ ಆವರ್ತನ ಮುಗಿಸಿದಾಗ ಗಡಿಯಾರ ಗುಂಯ್‌ಗುಟ್ಟಿ, ದಿನದ ಗುರಿ ತಲುಪಿದ್ದೀರಿ ಎಂದು ಪಟಾಕಿ ಹಾರಿಸಿತು. ಕೂತಲ್ಲೇ! ಜರ್ಮನಿಯಿಂದ ಅಭಿನಂದನೆ ಬಂತು. ಆ ಖುಷಿಗೆ ಸಭಾದ ಕ್ಯಾಂಟೀನಿನಲ್ಲಿ ಒಂದು ಕೀರೈ ವಡೆ ತಿಂದೆ; ಸೊಪ್ಪಿದೆಯಲ್ಲ, ಸಸ್ಯ.

ಗಡಿಯಾರದ ಗುಟ್ಟು ಬಯಲಾದ ಮೇಲೆ ಪಾನಗಲ್ ಪಾರ್ಕಿನ ಬೆಳಗಿನ ನಡಿಗೆ ಗಂಟುಬಿತ್ತು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು, 300 ಆದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿರುಸು ಎಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಅಳತೆ. ಈ ಅಳತೆ ಮಾಡಿದವರು ಟಿ. ನಗರದ ಮಾಮಾಗಳನ್ನು ನೋಡಿಲ್ಲ. ನಮ್ಮ ಮೇಲಿನ ಮನೆಯ ಮಾಮಾ ಒಂದು ಸುತ್ತಿನಲ್ಲಿ ಪಲ್ಲವಿ, ಅನುಪಲ್ಲವಿ, ಎರಡನೇ ಸುತ್ತಿನಲ್ಲಿ ಚರಣ ಮುಗಿಸಿ, ಮೂರನೆಯದನ್ನು ಬೆಂಚಿನ ಮೇಲೆ ಕೂತು ಚಿಟ್ಟೆಸ್ವರಕ್ಕೆ ಮೀಸಲಿಡುತ್ತಾರೆ. ಆಮೇಲೆ ಕಾಫಿ. ನಾನು ಅವರ ಶಿಷ್ಯ.

ನನ್ನಾಕೆಗೆ ಈ ವರದಿ ಹೇಗೋ ಮುಟ್ಟಿತು. ಅವಳೇ ಜೊತೆಗೆ ಹೊರಟಳು. ರಂಗನಾಥನ್ ಬೀದಿಯಲ್ಲಿ ಸಂಜೆ ಹೊತ್ತು ನಡೆದದ್ದೂ ವ್ಯಾಯಾಮವೇ ಎಂದು ವಾದಿಸಿದೆ. ಅಲ್ಲಿ ನಾವು ನಡೆಯುವುದಿಲ್ಲ, ಜನವೇ ನಮ್ಮನ್ನು ಎತ್ತಿ ಆ ತುದಿಗೆ ಬಿಡುತ್ತಾರೆ ಎಂದು ತಳ್ಳಿಹಾಕಿದಳು. ಮಾಂಬಲಂ ಸ್ಟೇಷನ್ನಿಂದ ಬಸ್‌ಸ್ಟ್ಯಾಂಡಿಗೆ 2023ರಲ್ಲಿ ಆಕಾಶಸೇತುವೆ ಹಾಕಿದ್ದಾರಲ್ಲ, ಅರ್ಧ ಕಿಲೋಮೀಟರಿಗೂ ಮಿಕ್ಕಿ ಉದ್ದ, ಅವಳು ಅದನ್ನು ಬೀಸುಗಾಲು ಹಾಕಿ ಮುಗಿಸಿ ಆ ಬದಿಯಿಂದ ಕೈ ಬೀಸುತ್ತಾಳೆ; ನಾನು ಈ ಬದಿಯ ಲಿಫ್ಟಿನ ಕ್ಯೂನಲ್ಲಿರುತ್ತೇನೆ. 2019ರಲ್ಲಿ ಪಾಂಡಿ ಬಜಾರಿನ ಫುಟ್‌ಪಾತ್ ಅಗಲ ಮಾಡಿ ಪಾದಚಾರಿಗಳಿಗೆ ಬಿಟ್ಟುಕೊಟ್ಟರು. ನಡುನಡುವೆ ಕೂರಲು ಆಸನ ಹಾಕಿಸಿದ ಅಧಿಕಾರಿ ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಒಂದು ದಿನ ಪೇಪರಿನಲ್ಲಿ ಓದಿ ಹೇಳಿದಳು: ಕರುಳಿನ ಕ್ಯಾನ್ಸರಿಗೆ ಆಪರೇಷನ್ನು, ಕೀಮೋ ಮುಗಿಸಿಕೊಂಡ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದರಂತೆ. ಐದು ವರ್ಷದ ಮೇಲೆ ನೋಡಿದರೆ ಕಾಯಿಲೆ ಮರುಕಳಿಸದೆ ಇದ್ದವರು ಅವರಲ್ಲಿ ನೂರಕ್ಕೆ 80, ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ 74. 2025ರಲ್ಲಿ ಪ್ರಕಟವಾದದ್ದು.

"ಕೀಮೋ ತಗೊಂಡವರೇ ನಡೀತಾರಂತೆ. ನಿಮಗೇನ್ರೀ ಬಂದಿದೆ?"

"ಅದೇ, ನನಗೇನೂ ಬಂದಿಲ್ಲವಲ್ಲ," ಎಂದೆ. ಇಂಥ ಜಾಣ ಉತ್ತರಗಳು ನನಗೆ ಹೊಳೆಯುವುದು ಯಾವಾಗಲೂ ನನ್ನ ವಿರುದ್ಧವೇ. "ಬಂದಿಲ್ಲ ಅಂತ ಯಾರು ಹೇಳಿದ್ರು? ಟೆಸ್ಟ್ ಮಾಡಿಸಿ," ಎಂದಳು.

ಟೆಸ್ಟಿನ ಮಾತು ಬಂದಾಗ ಷಡ್ಡಕ ಫೋನಿನಲ್ಲಿ ನಗೆ ಬಿಟ್ಟು ಮಾತಾಡಿದರು. 1954ರಲ್ಲಿ ನಮ್ಮ ಪಕ್ಕದ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಕಟ್ಟಿ ನಿಲ್ಲಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ ತೀರಿಕೊಂಡದ್ದು ಗುದನಾಳದ ಕ್ಯಾನ್ಸರಿನಿಂದ. ಡಾಕ್ಟರ ಮನೆಯಲ್ಲೇ ಅಂದು ಏನೂ ಮಾಡಲಾಗಲಿಲ್ಲ. ಇಂದು ಮಾಡಬಹುದು. ಕರುಳಿನೊಳಗೆ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರಾಗಿ ಬಲಿಯಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಮೊದಲೇ ಕಂಡರೆ ಕೊಳವೆ ಇಳಿಸಿದಾಗಲೇ ಕಿತ್ತುಹಾಕಬಹುದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಮುಲಾಮು ಹಚ್ಚಿ ಕೂರುವವರೇ ಹೆಚ್ಚು, ನಾಚಿಕೆಗೆ. "ಕಣ್ಣಿಗೆ ಕಾಣದ ರಕ್ತ ಇದೆಯಾ ನೋಡೋ ಟೆಸ್ಟಿದೆ, ಸುಲಭದ್ದು. ಒಂದು ಡಬ್ಬಿ ಕೊಡ್ತಾರೆ, ಅಷ್ಟೆ," ಎಂದರು.

ಅಷ್ಟೆಯಂತೆ! ಆ ಪುಟ್ಟ ಡಬ್ಬಿಯನ್ನು ಬೆಳ್ಳಂಬೆಳಗ್ಗೆ ಸಿದ್ಧಪಡಿಸಿ, ಕಾಗದ ಸುತ್ತಿ, ಹಳದಿ ಬಟ್ಟೆಚೀಲದಲ್ಲಿಟ್ಟೆ. ಪ್ಲಾಸ್ಟಿಕ್ ಬಿಡಿ, 'ಮಂಜಪ್ಪೈ' ಹಿಡಿಯಿರಿ ಎಂದು ಸರ್ಕಾರ ಪ್ರಚಾರ ಶುರುಮಾಡಿದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರ ಕೈಯಲ್ಲೂ ಒಂದೇ ಹಳದಿ ಚೀಲ. ಲ್ಯಾಬು ತೆರೆಯಲು ಇನ್ನೂ ಹೊತ್ತಿತ್ತು. ಪಾರ್ಕಿನ ಬೆಂಚಿನ ಮೇಲೆ ಮಾಮಾ ಚಿಟ್ಟೆಸ್ವರದಲ್ಲಿದ್ದರು. ಪಕ್ಕದಲ್ಲಿ ಅವರ ಹಳದಿ ಚೀಲ. ನಾನೂ ಕೂತೆ. ಮುಂದಿನದನ್ನು ನೀವು ಊಹಿಸಿದ್ದೀರಿ, ಆದರೂ ಹೇಳುತ್ತೇನೆ. ಲ್ಯಾಬಿನ ಹುಡುಗಿ ಚೀಲಕ್ಕೆ ಕೈ ಹಾಕಿ ತೆಗೆದದ್ದು ತೂಕದ ಸ್ಟೀಲ್ ಡಬ್ಬಿ. ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿ, ಮರುಕದಿಂದ, "ಇವ್ವಳವು ವೇಂಡಾಂ ಸಾರ್, ಕೊಂಜಂ ಪೋದುಂ," ಎಂದಳು. ಇಷ್ಟೊಂದು ಬೇಡವಂತೆ, ಸ್ವಲ್ಪ ಸಾಕಂತೆ.

ಒಳಗಿದ್ದದ್ದು ಪಿಳ್ಳೈಯಾರ್ ಗುಡಿಯ ಕಡಲೆ ಸುಂಡಲ್. ನಾನು ಅಲ್ಲಿಂದ ಮೇಲಿನ ಮನೆಗೆ ಓಡಿದ ಓಟವನ್ನು ಗಡಿಯಾರ ಎಣಿಸಿದ್ದರೆ ವಾರದ ಲೆಕ್ಕ ಅಂದೇ ಮುಗಿಯುತ್ತಿತ್ತು. ಅದನ್ನು ಚಾರ್ಜಿಗೆ ಹಾಕಿದ್ದೆ. ಮಾಮಿ ಬಾಗಿಲು ತೆರೆದರು. ಪ್ರಸಾದವೆಂದು ದೇವರ ಮನೆಯಲ್ಲಿಟ್ಟಿದ್ದಾರಂತೆ, ಇನ್ನೂ ಬಿಚ್ಚಿಲ್ಲವಂತೆ. ಆಮೇಲೆ ಬಿಚ್ಚದೆಯೂ ಅವರಿಗೆ ಹೇಗೆ ಗೊತ್ತಾಯಿತೋ, ಲಿಫ್ಟಿನಲ್ಲಿ ನಾನಿದ್ದರೆ ಮಾಮಾ ಈಗ ಮೆಟ್ಟಿಲು ಹತ್ತುತ್ತಾರೆ. ಅವರ ಆರೋಗ್ಯ ಸುಧಾರಿಸಿದೆ.

ರಿಪೋರ್ಟಿನಲ್ಲಿ ರಕ್ತ ಇಲ್ಲವೆಂದು ಬಂತು. ಸಿಹಿ ಹಂಚೋಣವೆಂದರೆ ಷಡ್ಡಕ, ಇದನ್ನು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು, ಸೊಂಟದ ಕೇಸು ಬೇರೆ, ಅದಿನ್ನೂ ಮುಗಿದಿಲ್ಲ ಎಂದರು. ಹಾಲಿನ ಸುಣ್ಣದಂಶ ಕರುಳಿಗೆ ರಕ್ಷಣೆ, ದಿನಕ್ಕೊಂದು ದೊಡ್ಡ ಲೋಟದಷ್ಟು ಹೆಚ್ಚಿಗೆ ಕುಡಿದರೆ ಅಪಾಯ ಶೇಕಡಾ 17ರಷ್ಟು ಕಡಿಮೆ ಎಂದು ಬ್ರಿಟನ್ನಿನ 5 ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನ ಹೇಳಿದೆಯೆಂದು ತೋರಿಸಿ ಬಾದಾಮಿ ಹಾಲಿಗೆ ಅರ್ಜಿ ಹಾಕಿದೆ. ಹಾಲು ಮಂಜೂರಾಯಿತು. ಬಾದಾಮಿ, ಸಕ್ಕರೆ ಆಗಲಿಲ್ಲ.

ಈ ಎಲ್ಲ ನಾರು, ನಡಿಗೆ, ಸೇತುವೆಗಳ ಫಲ ಏನೂ ಆಗಲಿಲ್ಲವೆಂದು ತಿಳಿಯಬೇಡಿ. ಆಯಿತು, ನನ್ನಾಕೆಗೆ. ಅವಳು 80ರ ಒಳಗೆ ಬಂದಳು. ಟೇಪು ಈಗ ಡಬ್ಬಿಯಲ್ಲಿರುವುದಿಲ್ಲ, ಮೊಳೆಗೆ ನೇತಾಡುತ್ತದೆ. ಬೀರುವಿನಲ್ಲಿದ್ದ ರವಿಕೆಗಳೆಲ್ಲ ಒಟ್ಟಿಗೆ ಸಡಿಲವಾದವು. ಸಡಿಲವಾದ ರವಿಕೆಗೆ ಹಳೆಯ ಸೀರೆ ಹೊಂದುವುದಿಲ್ಲವೆಂಬುದು ನಿಮಗೂ ಗೊತ್ತಿರುವ ಶಾಸ್ತ್ರ. ಸೀರೆ ಅಂಗಡಿಯ ನಾಲ್ಕು ಮಹಡಿಯನ್ನೂ ಅವಳು ಮೆಟ್ಟಿಲಲ್ಲೇ ಹತ್ತಿದಳು. ಚೀಲ ಹಿಡಿದು ಹಿಂದೆ ಹತ್ತಿದವನು ಯಾರೆಂದು ಹೇಳಬೇಕಿಲ್ಲ.

ಕೊನೆಗೆ ಪಾಂಡಿ ಬಜಾರಿನ ಟೈಲರು. ರವಿಕೆಗಳ ರಾಶಿಗೆ ಸೀಮೆಸುಣ್ಣದ ಗುರುತು ಹಾಕಿ ಮುಗಿಸಿದ ಮೇಲೆ, ಇಷ್ಟು ಕೆಲಸ ಕೊಟ್ಟವರಿಗೆ ಒಂದು ಉಪಕಾರವಿರಲೆಂದು ನನ್ನ ಪ್ಯಾಂಟನ್ನೂ ಇಸಿದುಕೊಂಡು, ಹಿಂದಿನ ಹೊಲಿಗೆ ಬಿಡಿಸಿ ಒಳಗೆ ಇಣುಕಿದರು. ಎರಡು ಬೆರಳಿನಲ್ಲಿ ತಡಕಿದರು. ಕನ್ನಡಕ ಹಣೆಗೇರಿಸಿದರು.

"ಸಾರ್, ಉಳ್ಳೆ ತುಣಿ ಇಲ್ಲೈ."

ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿಲ್ಲವಂತೆ. ನನ್ನಾಕೆ ಕುಲುಕುಲು ನಕ್ಕು ಪರ್ಸಿಗಾಗಿ ಕೈ ಚಾಚಿದಳು. ಪರ್ಸು ಇದ್ದದ್ದು ಆ ಪ್ಯಾಂಟಿನ ಜೇಬಿನಲ್ಲಿ.